ಬೆನ್ನಚೀಲದೊಳಗಿನ ಬಿಲ್ಲು

ಒಂದು ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ಪಕ್ಕಕ್ಕೆ ಚಾಚಿ. ಆ ಬೆರಳ ತುದಿಯಿಂದ ಎದುರು ಬದಿಯ ಸೊಂಟದವರೆಗೆ ಒಂದು ದಾರ ಹಿಡಿಯಿರಿ. ನಿಮಗೆ ಒಪ್ಪುವ ಬಿಲ್ಲಿನ ಉದ್ದ ಅಷ್ಟೇ. ಟೇಪೂ ಬೇಡ, ಲೆಕ್ಕವೂ ಬೇಡ. ಉತ್ತರ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಬದುಕಿದ್ದ ಯಾಹಿ ಬುಡಕಟ್ಟಿನ ಇಶಿ ತನ್ನ ಬಿಲ್ಲಿಗೆ ಅಳತೆ ತೆಗೆಯುತ್ತಿದ್ದದ್ದು ಹೀಗೆ. ಅವನ ಮೈಯಳತೆಗೆ ಅದು 42 ಇಂಚು ಬಂತು. ಅಂದರೆ ಮೂರೂವರೆ ಅಡಿ.

ಇಶಿಯ ಜನಕ್ಕೆ ಗಿಡ್ಡ ಬಿಲ್ಲು ಶೋಕಿಯ ವಸ್ತುವಾಗಿರಲಿಲ್ಲ. ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದವರ ಕಾಲದಲ್ಲಿ ಯಾಹಿಗಳ ಮಾರಣಹೋಮವೇ ನಡೆಯಿತು. ಅಳಿದುಳಿದ ಬೆರಳೆಣಿಕೆಯ ಮಂದಿ ಡಿಯರ್ ಕ್ರೀಕ್ ಕಣಿವೆಯ ಪೊದೆಗಳಲ್ಲಿ ಸುಮಾರು 40 ವರ್ಷ ಯಾರ ಕಣ್ಣಿಗೂ ಬೀಳದಂತೆ ಬದುಕಿದರು. ಮುಳ್ಳುಕಂಟಿಯ ಅಡಿಯಲ್ಲಿ ನುಸುಳುವವನ ಕೈಯಲ್ಲಿ ಆಳೆತ್ತರದ ಬಿಲ್ಲಿದ್ದರೆ ಹೆಜ್ಜೆಗೊಮ್ಮೆ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಬಂದೂಕು ಹಿಡಿದರೆ ಒಂದೇ ಗುಂಡಿನ ಸದ್ದಿಗೆ ಅಡಗುತಾಣ ಊರಿಗೆಲ್ಲ ಗೊತ್ತಾಗುತ್ತದೆ.

ತನ್ನವರೆಲ್ಲ ತೀರಿದ ಮೇಲೆ, 1911ರ ಆಗಸ್ಟಿನಲ್ಲಿ, ಇಶಿ ಒಬ್ಬನೇ ಒರೊವಿಲ್ ಊರಿನ ಕಸಾಯಿಖಾನೆಯ ಬಳಿ ಕಾಣಿಸಿಕೊಂಡ. ಸ್ವಂತ ಹೆಸರನ್ನು ಕೊನೆಗೂ ಹೇಳಲಿಲ್ಲ. 'ಇಶಿ' ಎಂದರೆ ಅವನ ನುಡಿಯಲ್ಲಿ 'ಮನುಷ್ಯ'. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಕೊಟ್ಟ ಹೆಸರದು. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಮ್ಯೂಸಿಯಂ ಅವನ ಮನೆಯಾಯಿತು. ಪಕ್ಕದ ಆಸ್ಪತ್ರೆಯ ಸರ್ಜನ್ ಸ್ಯಾಕ್ಸ್‌ಟನ್ ಪೋಪ್ ಅವನಿಗೆ ವೈದ್ಯನಾದ, ಬಿಲ್ಲುವಿದ್ಯೆಯಲ್ಲಿ ಶಿಷ್ಯನೂ ಆದ. ಗುರುವಿನ ಬಿಲ್ಲನ್ನು ಇಂಚಿಂಚಾಗಿ ಅಳೆದು ಪೋಪ್ ಬರೆದಿಟ್ಟದ್ದರಿಂದಲೇ ಇಂದು ನಮಗೆ ಅದರ ವಿವರ ಗೊತ್ತು. ಬೆಟ್ಟದ ಜೂನಿಪರ್ ಮರದ ಚಪ್ಪಟೆ ಪಟ್ಟಿ, ಅದರ ಬೆನ್ನಿಗೆ ಅಂಟಿಸಿದ ಜಿಂಕೆಯ ನರ, ಸಾಲ್ಮನ್ ಮೀನಿನ ಚರ್ಮ ಕುದಿಸಿ ತೆಗೆದ ಅಂಟು. ಎಳೆತದ ಭಾರ 45 ಪೌಂಡು, ಅಂದರೆ 20 ಕಿಲೋ. ಬಾಣ ಹೋಗುತ್ತಿದ್ದದ್ದು ಸುಮಾರು 200 ಗಜ.

ಇವತ್ತು ಬಿಲ್ಲುಗಾರಿಕೆಯ ರುಚಿ ಹತ್ತಿದ ಚಾರಣಿಗರು ಹುಡುಕುವುದೂ ಇಂಥದ್ದನ್ನೇ. ಚೀಲದಲ್ಲಿ ಹಿಡಿಸಬೇಕು, ಹೊರಗೆ ಕಾಣಬಾರದು, ಬೇಕೆಂದಾಗ ಬಾಣ ಹೂಡುವಂತಿರಬೇಕು. ಕೇಳುವುದಕ್ಕೆ ಸುಲಭ. ಆದರೆ ಬಿಲ್ಲನ್ನು ಗಿಡ್ಡ ಮಾಡುವ ಕಸುಬಿನಲ್ಲಿ ಏಷ್ಯಾದ ಕುಶಲಿಗರು ಸಾವಿರಾರು ವರ್ಷ ಸವೆಸಿದ್ದಾರೆ.

ಉದ್ದಕ್ಕೇಕೆ ಹಟ?

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, 5,300 ವರ್ಷ ಹಿಂದಿನ ಮನುಷ್ಯ 'ಓಟ್ಜಿ'ಯನ್ನು ಬಿಲ್ಲು ಹೊತ್ತ ಚಾರಣಿಗರ ಹಿರಿಯಜ್ಜ ಎನ್ನಬಹುದು. 3,200 ಮೀಟರ್ ಎತ್ತರದಲ್ಲಿ ಪ್ರಾಣ ಬಿಟ್ಟಾಗ ಅವನ ಬಳಿ ಯೂ ಮರದ, ಇನ್ನೂ ಕೆತ್ತಿ ಮುಗಿಯದ ಬಿಲ್ಲೊಂದಿತ್ತು. ಅವನ ಎತ್ತರ 1.60 ಮೀಟರ್, ಬಿಲ್ಲಿನ ಉದ್ದ 1.82 ಮೀಟರ್. ಹೊತ್ತವನಿಗಿಂತ ಹೊರೆಯೇ ಎತ್ತರ! 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದ ಇಂಗ್ಲೆಂಡಿನ ಯುದ್ಧನೌಕೆ 'ಮೇರಿ ರೋಸ್'ನಲ್ಲಿ ಸಿಕ್ಕ ಬಿಲ್ಲುಗಳೂ ಆರಡಿಗೆ ಕಡಿಮೆ ಇರಲಿಲ್ಲ.

ಕಾರಣ ಮರದ ಗುಣದಲ್ಲಿದೆ. ಬಿಲ್ಲೆಂದರೆ ಒಂದು ಸ್ಪ್ರಿಂಗ್. ಹೆದೆ ಎಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಉದ್ದ ಬಿಲ್ಲಿನಲ್ಲಿ ಈ ಹಿಂಸೆ ಮೈಯೆಲ್ಲ ಹಂಚಿಹೋಗುತ್ತದೆ. ಗಿಡ್ಡ ಬಿಲ್ಲಿನಲ್ಲಿ ನಾಲ್ಕು ಬೆರಳಗಲದ ಜಾಗವೇ ಎಲ್ಲವನ್ನೂ ತಡೆದುಕೊಳ್ಳಬೇಕು. ಅದಕ್ಕೇ ಬರೀ ಮರದಿಂದ ಬಿಲ್ಲು ಮಾಡುವವರಲ್ಲಿ ಒಂದು ರೂಢಿಯ ಲೆಕ್ಕವಿದೆ: ಹೆದೆ ಎಷ್ಟು ಎಳೆಯುತ್ತೀರೋ ಅದರ ಎರಡರಷ್ಟು ಉದ್ದ, ಮೇಲೊಂದು ಹತ್ತನೇ ಪಾಲು. 28 ಇಂಚು ಎಳೆಯುವವರಿಗೆ 62 ಇಂಚಿನ ಬಿಲ್ಲು ಬೇಕು, ಐದಡಿಗೂ ಮೇಲೆ. ಇದಕ್ಕಿಂತ ಗಿಡ್ಡ ಮಾಡಿದರೆ ಒಂದೋ ಮರ ಸೀಳುತ್ತದೆ, ಇಲ್ಲವೇ ಕೊನೆಯ ಎರಡು ಮೂರು ಇಂಚಿನಲ್ಲಿ ಹೆದೆ ಕಲ್ಲಿನಂತೆ ಬಿಗಿದುಕೊಳ್ಳುತ್ತದೆ. ಹೆದೆಯ ಕೋನ ಚೂಪಾಗಿ ಬೆರಳುಗಳು ಇಕ್ಕಳದಲ್ಲಿ ಸಿಕ್ಕಂತೆ ನೋಯುತ್ತವೆ.

ಕೊಂಬಿನ ಉತ್ತರ

ಇಶಿ ಬೆನ್ನಿಗೆ ನರ ಅಂಟಿಸಿದ್ದು ಈ ಕಷ್ಟಕ್ಕೆ ಅರ್ಧ ಪರಿಹಾರ. ನರ ಮರಕ್ಕಿಂತ ಎಷ್ಟೋ ಹೆಚ್ಚು ಹಿಗ್ಗಬಲ್ಲದು, ಹಿಗ್ಗಿದ್ದನ್ನು ಹಾಗೇ ವಾಪಸು ಕೊಡಬಲ್ಲದು. ಉಳಿದರ್ಧ ಪರಿಹಾರ ಏಷ್ಯಾದ್ದು. ಹೊಟ್ಟೆಯ ಕಡೆಗೆ ಪ್ರಾಣಿಯ ಕೊಂಬಿನ ಪಟ್ಟಿ, ನಡುವೆ ತೆಳುಮರ, ಬೆನ್ನಿಗೆ ನರ. ಕುಗ್ಗುವ ಕೆಲಸ ಕೊಂಬಿಗೆ, ಹಿಗ್ಗುವ ಕೆಲಸ ನರಕ್ಕೆ. ಮರ ಇಬ್ಬರ ನಡುವಿನ ಪಂಚ. 1922ರಲ್ಲಿ ತೆರೆದ, ಈಜಿಪ್ಟಿನ ಅರಸ ಟುಟಾಂಖಾಮುನ್‌ನ ಗೋರಿಯಲ್ಲೂ ಹೀಗೆ ಬೆಸೆದು ಮಾಡಿದ ಬಿಲ್ಲುಗಳಿದ್ದವು.

ನಮಗೆ ಈ ಕೊಂಬಿನ ಬಿಲ್ಲು ಹೆಸರಿನಲ್ಲಿ ಹಳೆಯ ಪರಿಚಯ. ಶೃಂಗ ಎಂದರೆ ಕೊಂಬು. ಅದರಿಂದ ಮಾಡಿದ್ದು ಶಾರ್ಙ್ಗ. ವಿಷ್ಣುವನ್ನು ಶಾರ್ಙ್ಗಪಾಣಿ ಎಂದು ಕೂಗುವಾಗ ನಾವು ಹೇಳುತ್ತಿರುವುದು 'ಕೊಂಬಿನ ಬಿಲ್ಲು ಹಿಡಿದವನೇ' ಎಂದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಪಟ್ಟಿಯೇ ಇದೆ. ತಾಳೆ, ಬಿದಿರು, ಮರ, ಕೊಂಬು, ಹೀಗೆ ಬಿಲ್ಲಿಗೆ ನಾಲ್ಕು ಮೂಲದ್ರವ್ಯ. ಹೆದೆಗೆ ಒದಗುವ ವಸ್ತುಗಳಲ್ಲಿ ನಮ್ಮ ಬೇಲಿಯ ಎಕ್ಕದ ನಾರೂ ಇದೆ, ಪ್ರಾಣಿಯ ನರವೂ ಇದೆ.

ಈ ಕಸುಬು ಇನ್ನೂ ಉಸಿರಾಡುತ್ತಿರುವ ಕಡೆಗಳಲ್ಲಿ ಕೊರಿಯಾ ಒಂದು. ಅಲ್ಲಿನ 'ಗಾಕ್‌ಗುಂಗ್' ಎಂದರೂ ಕೊಂಬಿನ ಬಿಲ್ಲೇ. ಹೊಟ್ಟೆಗೆ ನೀರೆಮ್ಮೆಯ ಕೊಂಬು, ನಡುವೆ ಬಿದಿರು, ತುದಿಗಳಿಗೆ ಹಿಪ್ಪುನೇರಳೆ ಮರ, ಬೆನ್ನಿಗೆ ನರ. ಎಲ್ಲವನ್ನೂ ಹಿಡಿದಿಡುವುದು ಮೀನಿನ ಗಾಳಿಚೀಲದಿಂದ ತೆಗೆದ ಅಂಟು. ನೀರೆಮ್ಮೆ ಕೊರಿಯಾದ ಪ್ರಾಣಿಯಲ್ಲ. ಅರಸರ ಕಾಲದಲ್ಲಿ ಕೊಂಬು ದಕ್ಷಿಣದ ದೇಶಗಳಿಂದ ಚೀನಾ ದಾಟಿ ಬರಬೇಕಿತ್ತು. ಹೆದೆ ಏರಿಸಿದಾಗ ನಾಲ್ಕಡಿಯ ಆಸುಪಾಸಿನ ಈ ಬಿಲ್ಲು ಹೆದೆ ಇಳಿಸಿದೊಡನೆ ಎದುರು ದಿಕ್ಕಿಗೆ ಮುದುಡಿ ಸುರುಳಿಯಾಗುತ್ತದೆ, ಬೆಕ್ಕು ಮಲಗಿದ ಹಾಗೆ. ಜೋಡಿಸುವ ತುಂಡಿಲ್ಲ, ತಿರುಗಿಸುವ ಬೋಲ್ಟಿಲ್ಲ. ಬಿಲ್ಲು ತನ್ನಷ್ಟಕ್ಕೆ ಚೀಲದ ಆಕಾರಕ್ಕೆ ಬರುತ್ತದೆ. ಇದೇ ಬಿಲ್ಲಿನಿಂದ ಅವರು ಇಂದಿಗೂ 145 ಮೀಟರ್ ದೂರದ ಹಲಗೆಗೆ ಹೊಡೆಯುತ್ತಾರೆ. ಬಿಲ್ಲು–ಬಾಣ ತಯಾರಿಕೆಯನ್ನು ಕೊರಿಯಾ ಸರ್ಕಾರ 1971ರಲ್ಲೇ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಬುಚಿಯಾನ್ ನಗರದಲ್ಲಿ ಬಿಲ್ಲಿಗೆಂದೇ ಮ್ಯೂಸಿಯಂ ಇದೆ.

ತುರ್ಕರದು ಇನ್ನೂ ಗಿಡ್ಡ. ಮೇಪಲ್ ಮರ, ಕೊಂಬು, ನರ ಬೆಸೆದ ಅವರ ಬಿಲ್ಲು ನಾಲ್ಕಡಿಗೂ ಕಡಿಮೆ. ಒಂದು ಬಿಲ್ಲು ಸಿದ್ಧವಾಗಲು ವರ್ಷವಾದರೂ ಬೇಕು. ಒಂದೊಂದು ಪದರವೂ ಒಣಗುವವರೆಗೆ ಕುಶಲಿಗ ಕಾಯಬೇಕು. 1798ರಲ್ಲಿ ಸುಲ್ತಾನ ಮೂರನೇ ಸೆಲಿಮ್ ಬಿಟ್ಟ ಬಾಣ 889 ಮೀಟರ್ ಹಾರಿತೆಂದು ದಾಖಲೆಯಿದೆ. ದಾಖಲೆಯ ಬಾಣ ಬಿದ್ದಲ್ಲಿ ನೆಡುತ್ತಿದ್ದ ಕಲ್ಲುಗಳು ಇಸ್ತಾಂಬುಲ್‌ನ ಒಕ್‌ಮೈದಾನದಲ್ಲಿ ಇಂದಿಗೂ ಉಳಿದಿವೆ. 2019ರಲ್ಲಿ ತುರ್ಕಿಯ ಬಿಲ್ಲುಗಾರಿಕೆ ಯುನೆಸ್ಕೊ ಪಟ್ಟಿಗೂ ಸೇರಿತು.

ಹಾಗಾದರೆ ಚಾರಣಕ್ಕೆ ಗಾಕ್‌ಗುಂಗ್ ತಂದರಾಯಿತಲ್ಲ? ಆಗದು. ಮೀನಿನ ಅಂಟಿಗೆ ತೇವವೇ ಶತ್ರು. ಕೊರಿಯಾದವರೇ ಅದನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿಸಿಡುತ್ತಾರೆ, ಕಾಯಿಸಿದ ಮೇಲೆಯೇ ಹೆದೆ ಏರಿಸುತ್ತಾರೆ. ಆಗುಂಬೆಯ ಮಳೆಗೆ ಒಂದು ದಿನ ಸಿಕ್ಕರೆ ಕುಶಲಿಗನ ವರ್ಷದ ಶ್ರಮ ಅಂಟುಬಿಟ್ಟು ಹೋದೀತು.

ಬಾಗದ ಕಡೆ ಕತ್ತರಿಸು

ಎರಡನೇ ದಾರಿ, ಉದ್ದ ಬಿಲ್ಲನ್ನೇ ತುಂಡು ಮಾಡುವುದು. ಹಳೆಯ ಇಂಗ್ಲೆಂಡಿನ ಸಿರಿವಂತರು ಕುದುರೆಗಾಡಿಯಲ್ಲಿ ಒಯ್ಯಲೆಂದು ಹಿಡಿಕೆಯ ಬಳಿ ಲೋಹದ ಕೊಳವೆಯಿಂದ ಕೂಡಿಸುವ 'ಕ್ಯಾರೇಜ್ ಬೋ' ಮಾಡಿಸಿಕೊಳ್ಳುತ್ತಿದ್ದರು. ಏಳಡಿ ಬಿಲ್ಲಿನ ನಾಡಾದ ಜಪಾನಿನಲ್ಲೂ ಪಲ್ಲಕ್ಕಿಯಲ್ಲಿ ಇಟ್ಟುಕೊಳ್ಳುವ ಗಿಡ್ಡ ಬಿಲ್ಲುಗಳಿದ್ದವು. ಇಂದು ಒಲಿಂಪಿಕ್ಸ್‌ನಲ್ಲಿ ಕಾಣುವ ಬಿಲ್ಲುಗಳೂ ಕಳಚಿ ಜೋಡಿಸುವಂಥವೇ: ನಡುವೆ ಹಿಡಿಕೆಯ ತುಂಡು, ಅದು ರೈಸರ್, ಮೇಲೊಂದು ಕೆಳಗೊಂದು ಬಾಗುವ ಪಟ್ಟಿ, ಅವು ಲಿಂಬ್.

ವಿನ್ಯಾಸದ ಮೊದಲ ಪಾಠ ಇಲ್ಲಿದೆ. ಕತ್ತರಿಸುವುದಿದ್ದರೆ ಬಾಗದ ಕಡೆ ಕತ್ತರಿಸಬೇಕು. ಬಾಗುವ ಪಟ್ಟಿಯ ನಡುವೆ ಕೀಲು ಇಟ್ಟರೆ ಎಲ್ಲ ಒತ್ತಡವೂ ಅಲ್ಲೇ ಬಂದು ಕೂರುತ್ತದೆ. ಹಿಡಿಕೆ ಬಾಗುವುದಿಲ್ಲ, ಹಾಗಾಗಿ ಕೀಲು ಅಲ್ಲಿ ಕ್ಷೇಮ. ಆದರೆ ಅದೂ ಬಿಟ್ಟಿಯಲ್ಲ. ಹಿಡಿಕೆ ಉದ್ದವಾದಷ್ಟೂ ಬಾಗುವ ಭಾಗ ಕಡಿಮೆಯಾಗಿ ಲಿಂಬಿನ ಮೇಲಿನ ಹೊರೆ ಏರುತ್ತದೆ. ಅದಕ್ಕೇ ಗಿಡ್ಡ ರೈಸರ್‌ಗೆ ಫೈಬರ್‌ಗ್ಲಾಸ್ ಪದರದ ಲಿಂಬು ಕೂಡಿಸುವ ಪದ್ಧತಿ ಬಂದದ್ದು. ಕೊಂಬು, ನರ ಎರಡರ ಕೆಲಸವನ್ನೂ ಈ ಗಾಜಿನ ನಾರು ಮಳೆಗೆ ಹೆದರದೆ ಮಾಡುತ್ತದೆ. 60 ಇಂಚಿನ ಇಂಥ ಬಿಲ್ಲನ್ನು ಕಳಚಿದರೆ ಅತಿ ಉದ್ದದ ತುಂಡು ಎರಡಡಿಯ ಆಸುಪಾಸು. ಚಾರಣದ ಚೀಲದಲ್ಲಿ ಮಲಗುವ ಹಾಸಿನ ಪಕ್ಕ ಆರಾಮಾಗಿ ನಿಲ್ಲುತ್ತದೆ.

ಮೂರನೇ ದಾರಿ ಗಾಲಿಯದು. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ, ತುದಿಗಳಲ್ಲಿ ಗಾಲಿಯಿರುವ ಕಾಂಪೌಂಡ್ ಬಿಲ್ಲು ಗಿಡ್ಡವೂ ಹೌದು, ಬಲಶಾಲಿಯೂ ಹೌದು. ಆದರೆ ಅದರ ಹೆದೆ ಬಿಚ್ಚಲು ಸಾಮಾನ್ಯವಾಗಿ ಪ್ರೆಸ್ ಎಂಬ ಯಂತ್ರವೇ ಬೇಕು. ಚೀಲದಲ್ಲಿ ಇಟ್ಟರೆ ಸೈಕಲ್ಲನ್ನೇ ತುರುಕಿದ ಹಾಗೆ.

ಮನೆಯಲ್ಲೇ ಪಿವಿಸಿ ಪೈಪು ಕಾಯಿಸಿ ಬಾಗಿಸಿ ಬಿಲ್ಲು ಮಾಡುವ ಹವ್ಯಾಸಿಗಳೂ ಇದ್ದಾರೆ. ಅಗ್ಗದ ದಾರಿ ನಿಜ. ಆದರೆ ಪಿವಿಸಿ ಬಿಸಿಲಿಗೆ ಮೆತ್ತಗಾಗುತ್ತದೆ, ಚಳಿಗೆ ಪೆಡಸಾಗುತ್ತದೆ. ಒಡೆದರೆ ಚೂರು ಹಾರುವುದು ಮುಖದ ಹತ್ತಿರ. ಯಾವ ಬಿಲ್ಲಾದರೂ ಬಾಣ ಹೂಡದೆ ಬರೀ ಹೆದೆ ಎಳೆದು ಬಿಡಬಾರದು. ಬಾಣ ಹೊತ್ತೊಯ್ಯಬೇಕಿದ್ದ ಶಕ್ತಿ ತಿರುಗಿ ಲಿಂಬಿಗೇ ಬಡಿಯುತ್ತದೆ.

ಮಡಿಸಲಾಗದ್ದು

ಬಿಲ್ಲನ್ನು ಇಷ್ಟೆಲ್ಲ ಪಳಗಿಸಿ ಚೀಲಕ್ಕೆ ಹಾಕಿದ ಮೇಲೆ ಚಾರಣಿಗನ ಕೈಯಲ್ಲಿ ಉಳಿಯುವುದು ಬಾಣ. ಅದನ್ನು ಎಲ್ಲಿಡುವುದು? ಆಕರ್ಣಾಂತ ಎಂಬ ಮಾತು ನಮ್ಮ ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೆದೆಯನ್ನು ಕಿವಿಯವರೆಗೆ ಎಳೆಯುವುದು. ಚಾಚಿದ ಮುಷ್ಟಿಯಿಂದ ಕಿವಿಯವರೆಗಿನ ಅಂತರ ಎಷ್ಟೋ ಬಾಣವೂ ಅಷ್ಟಿರಬೇಕು. ಬಿಲ್ಲಿನ ಉದ್ದ ಕುಶಲಿಗನ ಕೈಯಲ್ಲಿದೆ. ಬಾಣದ ಉದ್ದ ನಮ್ಮ ತೋಳಿನಲ್ಲಿದೆ. ಕಳಚಿದರೆ ಎರಡಡಿಯ ಬಿಲ್ಲಿಗೆ ಎರಡಡಿಗೂ ಮೀರಿದ ಬಾಣ! ನಡುವೆ ತಿರುಪು ಇಟ್ಟು ಎರಡು ತುಂಡು ಮಾಡಿದ ಬಾಣಗಳು ಬಂದಿವೆ, ಆದರೆ ತಿರುಪಿನ ಭಾರ ನಡುವೆ ಕೂತು ಬಾಣದ ಬಾಗುವಿಕೆ ಬದಲಾಗುತ್ತದೆ.

ಕೊರಿಯನ್ನರು ಇದಕ್ಕೂ ಒಂದು ಉಪಾಯ ಕಂಡಿದ್ದರು. ಮಾಮೂಲಿನ ಅರ್ಧದಷ್ಟೇ ಉದ್ದದ ಬಾಣವನ್ನು ಸೀಳುಬಿದಿರಿನ ದೋಣಿಯೊಳಗೆ ಇಟ್ಟು ಎಳೆಯುವುದು. ದೋಣಿ ಕೈಯಲ್ಲೇ ಉಳಿಯುತ್ತದೆ, ಬಾಣ ಅದರೊಳಗೆ ಜಾರಿ ಹೊರಡುತ್ತದೆ. ಹಗುರವಾದ್ದರಿಂದ ವೇಗ ಹೆಚ್ಚು. ಬರುವುದು ಶತ್ರುವಿನ ಕಣ್ಣಿಗೂ ಕಷ್ಟಕ್ಕೆ ಕಾಣುತ್ತಿತ್ತು. ಅವರು ಅದನ್ನು ಕರೆದದ್ದು 'ಮರಿಬಾಣ' ಎಂದು. ಆದರೂ ಆ ಬಿದಿರಿನ ದೋಣಿ? ಅದು ಮತ್ತೆ ತೋಳಿನ ಅಳತೆಯದ್ದೇ.

ನಮ್ಮ ಘಟ್ಟದ ಸಂರಕ್ಷಿತ ಕಾಡುಗಳಲ್ಲಿ ಮಾತ್ರ ಈ ಬಿಲ್ಲು ಚೀಲದೊಳಗೂ ಇರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಎಂದು ಹೆಸರಿಸಿದವುಗಳಲ್ಲಿ ಬಿಲ್ಲುಬಾಣವೂ ಸೇರಿದೆ. ಲಿಖಿತ ಅನುಮತಿಯಿಲ್ಲದೆ ಅದನ್ನು ಅಭಯಾರಣ್ಯಕ್ಕಾಗಲಿ ರಾಷ್ಟ್ರೀಯ ಉದ್ಯಾನಕ್ಕಾಗಲಿ ಒಯ್ಯುವಂತಿಲ್ಲ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಆತ್ಮರಕ್ಷಣೆಯ ಮಾತಂತೂ ಬೇಡ. ಎದುರಿಗೆ ಬಂದ ಆನೆ ನಾವು ಮೂರು ತುಂಡು ತೆಗೆದು, ಬೋಲ್ಟು ತಿರುಗಿಸಿ, ಹೆದೆ ಏರಿಸುವವರೆಗೆ ಕಾಯುತ್ತ ನಿಲ್ಲುವುದಿಲ್ಲ. ಆದರೆ ಗುರಿಹಲಗೆಯೂ ಅದರ ಹಿಂದೆ ಮಣ್ಣಿನ ದಿಬ್ಬವೂ ಇರುವ ಅಭ್ಯಾಸದ ಮೈದಾನಕ್ಕೆ ಬಸ್ಸಿನಲ್ಲೋ ಬೈಕಿನಲ್ಲೋ ಹೋಗುವವರಿಗೆ ಕಳಚುವ ಬಿಲ್ಲು ನಿಜವಾದ ಅನುಕೂಲ. ಹೊಸಬರು 20–25 ಪೌಂಡಿನ ಲಿಂಬಿನಿಂದ ಆರಂಭಿಸಿದರೆ ಭುಜ ಉಳಿಯುತ್ತದೆ.

ಇಶಿ ಬಳಸದಿರುವಾಗ ಬಿಲ್ಲನ್ನು ಮಲಗಿಸಿಡುತ್ತಿದ್ದ. ನಿಲ್ಲಿಸಿಟ್ಟರೆ ಅದು ಬೆವತು ಸೋಲುತ್ತದೆ ಎಂಬುದು ಅವನ ನಂಬಿಕೆ. ಬಿಲ್ಲಿಗೂ ಮೈಯಿದೆ, ದಣಿವಿದೆ ಎಂದು ಬಲ್ಲವನ ಮಾತು ಅದು. 1916ರ ಮಾರ್ಚಿನಲ್ಲಿ ಕ್ಷಯದಿಂದ ಅವನು ತೀರಿಕೊಂಡಾಗ ಗೆಳೆಯರು ಶವಪೆಟ್ಟಿಗೆಯಲ್ಲಿ ಅವನ ಪಕ್ಕ ಒಂದು ಬುಟ್ಟಿ ಓಕ್‌ಕಾಯಿಯ ಹಿಟ್ಟು, ಐದು ಬಾಣ, ಒಂದು ಬಿಲ್ಲು ಇಟ್ಟರು. ಕೈಯಿಂದ ಸೊಂಟದವರೆಗಿನ ಬಿಲ್ಲು. ಅವನು ಮಲಗಿದಲ್ಲಿ ಅದಕ್ಕೂ ಜಾಗವಿತ್ತು.