ಟ್ಯೂಬಿಗೆ ಹಚ್ಚುವ ಅಂಟು ಮಿದುಳಿಗೆ ಹತ್ತಿದರೆ

ಹೊಸಪೇಟೆ, ಹಂಪಿ ಕಡೆ ಅಮಲು ಪದಾರ್ಥದ ಮಾತು ಬಂದರೆ ಎಲ್ಲರ ಬಾಯಲ್ಲೂ ಗಾಂಜಾ. ಆ ಮಾತಿಗೆ ಸಿಕ್ಕಿದ್ದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಕೆಡವಿದರೂ ಆ ಮಾತು ನಿಂತಿಲ್ಲ. ಇನ್ನೊಂದು ಸರಕಿನ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪಾಪಿನಾಯಕನಹಳ್ಳಿ ಹಾದು ಬಳ್ಳಾರಿಗೆ ಹೋಗುವ ರಸ್ತೆಯಲ್ಲಿ ಲಾರಿಗಳಿಗೇನು ಕಮ್ಮಿ? ಲಾರಿ ಇದ್ದಲ್ಲಿ ಪಂಚರ್ ಅಂಗಡಿ, ಅಂಗಡಿಯಲ್ಲಿ ಸೊಲ್ಯೂಷನ್. ಟ್ಯೂಬು ಉಜ್ಜಿ, ಅಂಟು ಸವರಿ, ಆರಲು ಬಿಟ್ಟಾಗ ಮೂಗಿಗೆ ಬಡಿಯುವ ಘಾಟು ಟಾಲೂಯಿನ್, ಹೆಕ್ಸೇನ್‌ನಂಥ ದ್ರಾವಕಗಳದು. ಕೆಲ ಹುಡುಗರು ಅದನ್ನು ಬೇಕೆಂದೇ ಮೂಸುತ್ತಾರೆ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಹೀಗೆ ಮೂಸುವವರ ಪ್ರಮಾಣ ದೊಡ್ಡವರಲ್ಲಿ ಶೇ 0.58, ಹತ್ತರಿಂದ ಹದಿನೇಳು ವರ್ಷದವರಲ್ಲಿ ಶೇ 1.17. ದೊಡ್ಡವರಿಗಿಂತ ಮಕ್ಕಳೇ ಮುಂದಿರುವ ಚಟ ಇದೊಂದೇ.

ಟಾಲೂಯಿನ್‌ಗೆ ಕೊಬ್ಬೆಂದರೆ ಪ್ರೀತಿ. ಉಸಿರಿನೊಡನೆ ಒಳಹೊಕ್ಕು, ಕೆಲವೇ ಸೆಕೆಂಡಿನಲ್ಲಿ ಮಿದುಳು ಸೇರುತ್ತದೆ. ಅಲ್ಲಿ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಸಂದೇಶಗಳು ವೇಗವಾಗಿ ಓಡುವುದು ಅದರಿಂದಲೇ. ಈ ಹೊದಿಕೆ ಹುಟ್ಟುವಾಗಲೇ ಪೂರ್ತಿ ಇರುವುದಿಲ್ಲ. ಆತುರವನ್ನು ತಡೆದು ಯೋಚಿಸಿ ನಡೆಯಲು ಕಲಿಸುವ ಹಣೆಯ ಹಿಂದಿನ ಭಾಗಕ್ಕಂತೂ ಇಪ್ಪತ್ತು ದಾಟಿದ ಮೇಲೂ ಹೊದಿಕೆ ಬೆಳೆಯುತ್ತಲೇ ಇರುತ್ತದೆ. ದೀರ್ಘಕಾಲ ಮೂಸಿದವರ ಎಂಆರ್‌ಐನಲ್ಲಿ ಕೆಟ್ಟಂತೆ ಕಾಣುವುದು ಈ ಹೊದಿಕೆಯಿಂದ ಬೆಳ್ಳಗಿರುವ ಭಾಗವೇ. ಮರೆವು, ಮಂಕು, ತೊದಲು ಮಾತು, ತೂರಾಡುವ ನಡಿಗೆ ಒಂದರ ಹಿಂದೊಂದು ಬರುತ್ತವೆ. ಹೆಕ್ಸೇನ್ ಕೈಕಾಲಿನ ನರಗಳನ್ನು ಹಿಡಿಯುತ್ತದೆ. ಮೊದಲು ಪಾದ ಜೋಮು, ಆಮೇಲೆ ಬಲಹೀನತೆ.

ಹೃದಯದ್ದು ಬೇರೆಯೇ ಕಥೆ. ದ್ರಾವಕ ಒಳಗಿರುವಾಗ ಗಾಬರಿಯಾದರೆ, ಯಾರೋ ಅಟ್ಟಿಸಿಕೊಂಡು ಬಂದರೆ ಬಡಿತದ ಲಯ ತಪ್ಪಿ ಸಾವೂ ಬರಬಹುದು, ಮೊದಲ ಸಲ ಮೂಸಿದವನಿಗೂ. ಆದ್ದರಿಂದ ಸಿಕ್ಕಿಬಿದ್ದ ಹುಡುಗನನ್ನು ಗದರಿಸಿ ಓಡಿಸುವುದು ನಾವು ಮಾಡಬಹುದಾದ ಅತಿ ಕೆಟ್ಟ ಕೆಲಸ.

ಕಾನೂನಿನ ಕೈ ಇಲ್ಲಿ ಗಿಡ್ಡ. 1985ರ ಮಾದಕವಸ್ತು ಕಾಯ್ದೆಗೆ ಪಂಚರ್ ಸೊಲ್ಯೂಷನ್ ಮಾದಕವಸ್ತುವೇ ಅಲ್ಲ. ಮಕ್ಕಳಿಗೆ ಅಮಲು ಪದಾರ್ಥ ಕೊಟ್ಟವರಿಗೆ ಏಳು ವರ್ಷದವರೆಗೆ ಶಿಕ್ಷೆ ಎನ್ನುವ 2015ರ ಬಾಲನ್ಯಾಯ ಕಾಯ್ದೆ ಇದೆ, ನಿಜ. ಆದರೆ ಸೈಕಲ್ ಪಂಚರ್ ಆಗಿದೆ ಎಂದು ಬಂದು ಕೇಳಿದ ಹುಡುಗನಿಗೆ ಅಂಗಡಿಯವರು ಇಲ್ಲ ಎಂದಾರೆಯೇ?

ಮೂಸಿದ ದ್ರಾವಕಕ್ಕೆ ಪ್ರತಿಮದ್ದಿಲ್ಲ. ಬೇಗ ಬಿಟ್ಟರೆ ಮಿದುಳು ಒಂದಿಷ್ಟು ಸುಧಾರಿಸಿಕೊಳ್ಳುತ್ತದೆ, ತಡವಾದರೆ ಹೋದದ್ದು ಹೋದಂತೆಯೇ. ಬಾಯಿಯ ಸುತ್ತ ಕೆಂಪು ಗುಳ್ಳೆ, ಬಟ್ಟೆಗೆ ಪೇಂಟಿನಂಥ ವಾಸನೆ, ಇದ್ದಕ್ಕಿದ್ದಂತೆ ಸೊಟ್ಟಗಾದ ಕೈಬರಹ ಕಂಡರೆ ಮೇಷ್ಟ್ರು ಬೆತ್ತ ಬದಿಗಿಟ್ಟು ಮನೆಯವರನ್ನು ಕರೆಸಲಿ. ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು, ದುಡ್ಡು ಕೊಡಬೇಕಿಲ್ಲ.