ಬಿಸಿನೀರಿನ ಪಾತ್ರೆಯ ವಾರ್ತೆ: ಒಂಟಿ ವೃದ್ಧರ ಗೃಹಸಾಧನಗಳನ್ನು ಕುರಿತು

ಒಂಟಿಯಾಗಿ ವಾಸಿಸುವ ವೃದ್ಧರ ಯೋಗಕ್ಷೇಮವನ್ನು ದೂರದಲ್ಲಿರುವ ಮಕ್ಕಳಿಗೆ ತಿಳಿಸುವ ಗೃಹಸಾಧನಗಳು ಕಳೆದ ಅರ್ಧ ಶತಮಾನದಲ್ಲಿ ಹಲವು ಬಗೆಯಾಗಿ ರೂಪುಗೊಂಡಿವೆ. ಅವೆಲ್ಲವನ್ನೂ ಎಣಿಸಿ ಹೇಳುವುದು ಈ ಲೇಖನದ ಉದ್ದೇಶವಲ್ಲ. ಜಪಾನಿನಲ್ಲಿ 2001ರಲ್ಲಿ ಬಳಕೆಗೆ ಬಂದ ಒಂದು ವಿದ್ಯುತ್ ಪಾತ್ರೆಯನ್ನು ಮಾತ್ರ ನಾವು ಮುಖ್ಯವಾಗಿ ಎತ್ತಿಕೊಂಡಿದ್ದೇವೆ. ಅಡಿಗೆಮನೆಯ ಪಾತ್ರೆಯೊಂದು ಚರಿತ್ರೆಯ ವಿದ್ಯಾರ್ಥಿಗೆ ವಿಷಯವಾದೀತೆ ಎಂದು ಕೆಲವರು ಕೇಳಬಹುದು. ಕುಟುಂಬದ ರಚನೆ ಬದಲಾದಂತೆ ಮನೆಯ ಸಾಮಾನೂ ಬದಲಾಗುತ್ತದೆಂಬುದನ್ನು ನೆನೆದರೆ ಈ ಸಂದೇಹ ಉಳಿಯಲಾರದು.

ಜಪಾನಿನ ಜನಸಂಖ್ಯೆಯಲ್ಲಿ 65 ವರ್ಷ ದಾಟಿದವರ ಪಾಲು 1970ರಲ್ಲಿ ನೂರಕ್ಕೆ 7ರಷ್ಟಿದ್ದು, 1994ರಲ್ಲಿ 14ಕ್ಕೆ ಏರಿತು. ಇದೇ ಏರಿಕೆಗೆ ಫ್ರಾನ್ಸ್ ದೇಶಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿದಿತ್ತು. ಜೊತೆಯಲ್ಲಿಯೇ ಮನೆಗಳು ಒಡೆದುವು. 1980ರಲ್ಲಿ ವೃದ್ಧರಿದ್ದ ಮನೆಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ವಾಸಿಸುತ್ತಿದ್ದರು. 2022ರ ವೇಳೆಗೆ ಅಂಥ ಮನೆಗಳು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆಯಾದುವು. ಯಾರಿಗೂ ತಿಳಿಯದೆ ಮನೆಯೊಳಗೇ ಸಂಭವಿಸುವ ಸಾವಿಗೆ ಆ ಭಾಷೆಯಲ್ಲಿ ‘ಕೊದೊಕುಶಿ’, ಅಂದರೆ ಒಂಟಿ ಸಾವು, ಎಂಬ ಹೆಸರೇ ರೂಢವಾಯಿತು. ಪೊಲೀಸ್ ಇಲಾಖೆಯ ಲೆಕ್ಕದಂತೆ 2024ರಲ್ಲಿ ಒಂಟಿಯಾಗಿ ಬಾಳುತ್ತ ಮನೆಯಲ್ಲೇ ಮೃತರಾಗಿ ಕಂಡುಬಂದವರು 76,020 ಮಂದಿ. ಇವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು 65 ದಾಟಿದವರು.

1996ರಲ್ಲಿ ಟೋಕಿಯೋ ನಗರದ ಇಕೆಬುಕುರೊ ಪ್ರದೇಶದ ಮನೆಯೊಂದರಲ್ಲಿ ವೃದ್ಧ ತಾಯಿ ಮತ್ತು ಆಕೆಯ ರೋಗಿ ಮಗ ಹಸಿವಿನಿಂದ ಮೃತರಾದುದು ಬಹು ದಿನಗಳ ಮೇಲೆ ತಿಳಿದುಬಂದಿತು. ದೇಶವೆಲ್ಲ ತಲ್ಲಣಿಸಿದ ಈ ಘಟನೆಯನ್ನು ಕಂಡ ವೈದ್ಯರೊಬ್ಬರು, ದಿನಬಳಕೆಯ ಸಾಮಾನಿನ ಮೂಲಕವೇ ಒಬ್ಬರ ಕ್ಷೇಮವನ್ನು ಅರಿಯಲಾಗದೆ ಎಂಬ ಪ್ರಶ್ನೆಯನ್ನೆತ್ತಿದರು. ಅದಕ್ಕೆ ಉತ್ತರವನ್ನು ಹುಡುಕಹೊರಟುದು ಜೋಜಿರುಶಿ ಎಂಬ ಸಂಸ್ಥೆ. 1918ರಲ್ಲಿ ಒಸಾಕಾದಲ್ಲಿ ಹುಟ್ಟಿ ಫ್ಲಾಸ್ಕುಗಳಿಂದ ಹೆಸರಾದ ಈ ಸಂಸ್ಥೆಯ ಹೆಸರಿಗೆ ‘ಆನೆಯ ಗುರುತು’ ಎಂದರ್ಥ.

ಸಾಧನದ ರೀತಿ ಸರಳವಾದುದು. ಜಪಾನಿನ ಮನೆಗಳಲ್ಲಿ ಚಹಾಕ್ಕೆಂದು ಇಡೀ ದಿನ ನೀರನ್ನು ಬಿಸಿಯಾಗಿಟ್ಟಿರುವ ವಿದ್ಯುತ್ ಪಾತ್ರೆ ಸಾಮಾನ್ಯ. ಗುಂಡಿಯನ್ನೊತ್ತಿದರೆ ನೀರು ಬಟ್ಟಲಿಗೆ ಬೀಳುತ್ತದೆ. ಈ ಪಾತ್ರೆಯೊಳಗೆ ಒಂದು ನಿಸ್ತಂತು ಪ್ರೇಷಕವನ್ನು ಅಳವಡಿಸಿದರು. ನೀರನ್ನು ಬಗ್ಗಿಸಿದ ಪ್ರತಿ ಸಲವೂ ಆ ಸಂಗತಿ ಮೊಬೈಲ್ ದೂರವಾಣಿಯ ಜಾಲದ ಮೂಲಕ ಸಂಸ್ಥೆಯ ಗಣಕಯಂತ್ರಕ್ಕೆ ಮುಟ್ಟುತ್ತದೆ. ಅಲ್ಲಿಂದ ದಿನಕ್ಕೆರಡು ಬಾರಿ ಮಗನಿಗೋ ಮಗಳಿಗೋ ಮಿಂಚಂಚೆ ಹೋಗುತ್ತದೆ. ವಾರದ ಬಳಕೆಯನ್ನು ರೇಖಾಚಿತ್ರವಾಗಿಯೂ ನೋಡಬಹುದು. ವೃದ್ಧರು ಕಲಿಯಬೇಕಾದುದು ಹೊಸದೇನೂ ಇಲ್ಲ. ಎಂದಿನಂತೆ ಚಹಾ ಮಾಡಿಕೊಂಡರಾಯಿತು.

ಇದರ ವೈಶಿಷ್ಟ್ಯ ಮನದಟ್ಟಾಗಬೇಕಾದರೆ ಇದಕ್ಕಿಂತ ಹಿಂದಿನ ಸಾಧನವನ್ನು ನೋಡಬೇಕು. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಆಂಡ್ರೂ ಡಿಬ್ನರ್ ಅವರು 1974ರಲ್ಲಿ ‘ಲೈಫ್‌ಲೈನ್’ ಎಂಬ ವ್ಯವಸ್ಥೆಯನ್ನು ಸ್ಥಾಪಿಸಿದರು. ಜರ್ಮನಿಯಲ್ಲಿ ವಿಲ್ಹೆಲ್ಮ್ ಹೋರ್ಮನ್ ಅವರ ಪ್ರಯತ್ನವೂ ಸರಿಸುಮಾರು ಅದೇ ಕಾಲದ್ದು. ಇಂಥ ವ್ಯವಸ್ಥೆಯಲ್ಲಿ ವೃದ್ಧರು ಗುಂಡಿಯೊಂದನ್ನು ಕೊರಳಿಗೋ ಮಣಿಕಟ್ಟಿಗೋ ಕಟ್ಟಿಕೊಂಡಿರುತ್ತಾರೆ. ಬಿದ್ದಾಗ ಅದನ್ನೊತ್ತಿದರೆ ಮನೆಯ ದೂರವಾಣಿ ತಾನಾಗಿ ಸಹಾಯ ಕೇಂದ್ರವನ್ನು ಕರೆಯುತ್ತದೆ. ಈ ಗುಂಡಿಯಿಂದ ಉಳಿದ ಪ್ರಾಣಗಳು ಅನೇಕ. ಆದರೆ ಅದು ಕೆಲಸಮಾಡಬೇಕಾದರೆ ಬಿದ್ದವರು ‘ನಾನು ಬಿದ್ದಿದ್ದೇನೆ’ ಎಂದು ಒಪ್ಪಿಕೊಳ್ಳಬೇಕು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ದಾಟಿದವರನ್ನು ಕುರಿತು ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕರೆಗುಂಡಿಯಿದ್ದೂ ಒಂಟಿಯಾಗಿ ಬಿದ್ದು ಏಳಲಾರದೆ ಹೋದವರ ಪೈಕಿ ನೂರಕ್ಕೆ ಸುಮಾರು 80ರಷ್ಟು ಮಂದಿ ಅದನ್ನು ಒತ್ತಿರಲೇ ಇಲ್ಲ. ಗುಂಡಿಯನ್ನು ಧರಿಸಲು ಮರೆಯುವವರುಂಟು; ಪರರಿಗೆ ತೊಂದರೆ ಕೊಡಬಾರದೆಂಬ ಸಂಕೋಚವೂ ಉಂಟು. ಈ ಸಂಕೋಚವನ್ನು ನಮ್ಮ ಹಿರಿಯರಲ್ಲಿ ಕಾಣದವರು ಯಾರು?

ಪಾತ್ರೆ ಈ ಸಂಕೋಚವನ್ನು ಮೀರಿತು. ಅದು ಸಹಾಯವನ್ನು ಬೇಡುವುದಿಲ್ಲ. ದಿನಚರಿ ಎಂದಿನಂತಿದೆಯೇ ಎಂದಷ್ಟೇ ತಿಳಿಸುತ್ತದೆ. ಛಾಯಾಗ್ರಾಹಕ ಯಂತ್ರವನ್ನು ಕೋಣೆಯಲ್ಲಿ ನಿಲ್ಲಿಸುವ ಕ್ರಮದೊಡನೆ ಹೋಲಿಸಿದರೆ ಇದರ ಮಿತಭಾಷಿತ್ವವೇ ಗುಣವೆಂದು ನಮ್ಮ ಅಭಿಪ್ರಾಯ. ತಾಯಿ ಏಳು ಗಂಟೆಗೆ ಚಹಾ ಕುಡಿದಳೆಂಬುದು ಮಗನಿಗೆ ತಿಳಿಯುತ್ತದೆ. ಆಕೆ ಯಾವ ಸೀರೆಯಲ್ಲೋ ಕಿಮೋನೋದಲ್ಲೋ ಇದ್ದಳೆಂಬುದು ತಿಳಿಯಬೇಕಾಗಿಲ್ಲ.

ಕೊರತೆಗಳೂ ಇಲ್ಲದಿಲ್ಲ. ಬೆಳಗ್ಗೆ ಚಹಾ ಕುಡಿದ ಮೇಲೆ ಬಿದ್ದವರ ಸುದ್ದಿ ಸಂಜೆಯವರೆಗೂ ಹೊರಬೀಳದು. ಮಿಂಚಂಚೆಯನ್ನು ನೋಡುವವರಿಲ್ಲದಿದ್ದರೆ ಪಾತ್ರೆಯಿಂದ ಪ್ರಯೋಜನವಿಲ್ಲ. ಮಕ್ಕಳೇ ಇಲ್ಲದವರಿಗೆ ಅದು ಬರಿಯ ಪಾತ್ರೆ. ಜಪಾನಿನಲ್ಲಿಯೇ ಯಂತ್ರವಿಲ್ಲದ ಕ್ರಮವೊಂದು ಇದಕ್ಕೆ ಮೊದಲು ಬೆಳೆದಿತ್ತು: 1972ರಲ್ಲಿ ಫುಕುಶಿಮಾ ಪ್ರಾಂತದ ಕೊರಿಯಾಮಾ ನಗರದಲ್ಲಿ ಯಾಕುಲ್ಟ್ ಪಾನೀಯವನ್ನು ಮನೆಮನೆಗೆ ಹಂಚುವ ಸ್ತ್ರೀಯರು ಒಂಟಿ ವೃದ್ಧರನ್ನು ಮಾತನಾಡಿಸಿಕೊಂಡು ಬರುವ ಪದ್ಧತಿ ಆರಂಭವಾಯಿತು. ನಮ್ಮ ಊರುಗಳಲ್ಲಿ ಹೊತ್ತು ಏರಿದರೂ ಬಾಗಿಲ ಮುಂದೆ ರಂಗೋಲಿ ಬೀಳದಿದ್ದರೆ ನೆರೆಯವರು ಬಂದು ಕದ ತಟ್ಟುವುದೂ ಇದೇ ಜಾತಿಯ ವ್ಯವಸ್ಥೆ. ಎದುರುಮನೆಯ ಬಾಗಿಲೇ ಕಾಣದ ಬಹುಮಹಡಿ ಕಟ್ಟಡಗಳಲ್ಲಿ ಅದು ಎಷ್ಟರಮಟ್ಟಿಗೆ ಉಳಿದೀತೋ ಹೇಳಲಾರೆವು.

ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಆಧಾರಗಳ ಮೇಲೆಯೇ ಕಣ್ಣು ಹೋಗುತ್ತದೆ. ಇಕೆಬುಕುರೊದ ಆ ತಾಯಿ ಕೊನೆಯ ದಿನಗಳವರೆಗೂ ದಿನಚರಿಯನ್ನು ಬರೆದಿಟ್ಟಿದ್ದಳು. ತನ್ನ ಖರ್ಚು, ಊಟ, ಮಗನ ನೋವು ಎಲ್ಲವೂ ಅದರಲ್ಲಿದ್ದುವು. ಆಕೆ ಬದುಕಿದ್ದಾಗ ಅದನ್ನು ಓದುವವರಿರಲಿಲ್ಲ. ಪಾತ್ರೆ ಬರೆಯುವುದಾದರೋ ಗಂಟೆ, ನಿಮಿಷ, ಇಷ್ಟೇ. ನೀರನ್ನು ಬಗ್ಗಿಸಿದವರು ಆಕೆಯೋ ಬಂದ ಅತಿಥಿಯೋ ಎಂಬುದೂ ಅದಕ್ಕೆ ಗೊತ್ತಿಲ್ಲ. ಆದರೂ ಆ ಎರಡು ಸಾಲನ್ನು ದಿನಕ್ಕೆರಡು ಬಾರಿ ಯಾರೋ ಓದುತ್ತಾರೆ.