ಒಂಬತ್ತು ಪಂದ್ಯ ಕಾದ ಸಿಂಹ

ಕ್ರಿಕೆಟ್, ಹಾಕಿಗಳ ವಾರ್ತೆಯನ್ನು ಬೆಳಗಿನ ಕಾಫಿಯೊಡನೆ ಓದುವ ನಮ್ಮ ಮನೆಗಳಲ್ಲಿ ರಗ್ಬಿಯ ಹೆಸರು ಕೇಳಿಬರುವುದು ಅಪರೂಪ. ಮೊಟ್ಟೆಯಾಕಾರದ ಚೆಂಡು, ಪಕ್ಷಕ್ಕೆ ಹದಿನೈದು ಮಂದಿ. ಚೆಂಡನ್ನೆತ್ತಿಕೊಂಡು ಮಿಂಚಿನಂತೆ ಓಡಿ ಚಪ್ಪಾಳೆ ಗಿಟ್ಟಿಸುವವರು ಸಾಮಾನ್ಯವಾಗಿ ಹಿಂದಿನ ಏಳು ಮಂದಿ. ಮುಂದಿನ ಎಂಟು ಮಂದಿಯದು ನೊಗ ಹೊತ್ತ ಎತ್ತಿನ ದುಡಿಮೆ: ಹೆಗಲಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ, ಎದುರಾಳಿಗಳನ್ನು ಕೆಸರಿನಲ್ಲಿ ಹಿಂದಕ್ಕೆ ದೂಡಿ, ಚೆಂಡನ್ನು ತಮ್ಮವರಿಗೆ ದೊರಕಿಸಿಕೊಡುವುದು. ಆ ದುಡಿಮೆಯಿಂದಲೇ ಲೋಕಖ್ಯಾತನಾದವನು ಐರ್ಲೆಂಡಿನ ವಿಲ್ಲಿ ಜಾನ್ ಮ್ಯಾಕ್‌ಬ್ರೈಡ್.

ಉತ್ತರ ಐರ್ಲೆಂಡಿನ ಆಂಟ್ರಿಮ್ ಪ್ರಾಂತದಲ್ಲಿ 1940ರಲ್ಲಿ ಈತನ ಜನನ. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ಹೊಲದ ಕೆಲಸದಲ್ಲಿ ತಾಯಿಗೆ ನೆರವಾಗಬೇಕಾದ ಹುಡುಗನಿಗೆ ಆಟಕ್ಕೆ ಬಿಡುವೆಲ್ಲಿಯದು? ಹದಿನೇಳು ತುಂಬುವವರೆಗೆ ಆತ ರಗ್ಬಿ ಆಡಿದವನೇ ಅಲ್ಲ. ಆದರೆ 1962ರ ಫೆಬ್ರವರಿಯಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಇಂಗ್ಲೆಂಡಿನ ವಿರುದ್ಧ ಐರ್ಲೆಂಡಿನ ಪರವಾಗಿ ಕಣಕ್ಕಿಳಿದಿದ್ದ. ಆಗಿನ ರಗ್ಬಿಯಲ್ಲಿ ಸಂಬಳವಿರಲಿಲ್ಲ. ಹೊಟ್ಟೆಪಾಡಿಗೆ ಬ್ಯಾಂಕಿನ ನೌಕರಿ, ಸಂಜೆ ಅಭ್ಯಾಸ.

ಐರ್ಲೆಂಡ್ ದ್ವೀಪ ರಾಜಕೀಯವಾಗಿ ಎರಡಾಗಿದ್ದರೂ ರಗ್ಬಿ ತಂಡ ಒಂದೇ. ಬಾಂಬು, ಬಂದೂಕುಗಳ ಭೀತಿಯಿಂದ 1972ರಲ್ಲಿ ಸ್ಕಾಟ್ಲೆಂಡ್ ಮತ್ತು ವೇಲ್ಸ್ ತಂಡಗಳು ಡಬ್ಲಿನ್ನಿಗೆ ಬರಲೊಪ್ಪಲಿಲ್ಲ. ಮರುವರ್ಷ ಇಂಗ್ಲೆಂಡ್ ಬಂದಾಗ ಪ್ರೇಕ್ಷಕರು ಎದ್ದು ನಿಂತು ಐದು ನಿಮಿಷ ಕರತಾಡನ ಮಾಡಿದರಂತೆ! ಬಳಿಕ ಐರ್ಲೆಂಡ್ ಆ ಅತಿಥಿಗಳನ್ನು 18-9ರಿಂದ ಸೋಲಿಸಿತೆಂಬುದು ಬೇರೆ ಮಾತು. ಉತ್ತರದ ಮ್ಯಾಕ್‌ಬ್ರೈಡ್ ಅಂದು ದಕ್ಷಿಣದವರ ಹೆಗಲಿಗೆ ಹೆಗಲು ಕೊಟ್ಟು ಆಡಿದ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳ ಉತ್ತಮ ಆಟಗಾರರನ್ನು ಆಯ್ದು ಕಟ್ಟುವ ತಂಡಕ್ಕೆ ‘ಲಯನ್ಸ್’ ಎಂದು ಹೆಸರು. ಹೆಸರೇನೋ ಸಿಂಹ, ಮ್ಯಾಕ್‌ಬ್ರೈಡನ ಪಾಲಿಗೆ ಬಹುಕಾಲ ಗರ್ಜನೆಗೆ ಅವಕಾಶವೇ ಒದಗಲಿಲ್ಲ. 1962, 1966, 1968ರ ಮೂರು ಪ್ರವಾಸಗಳಲ್ಲಿ ಆತ ಆಡಿದ ಒಂಬತ್ತು ಟೆಸ್ಟುಗಳಲ್ಲಿ ಎಂಟು ಸೋಲು, ಒಂದು ಸಮ. ಮತ್ತೊಬ್ಬನಾಗಿದ್ದರೆ ಕೈಮುಗಿದು ಬ್ಯಾಂಕಿನ ಲೆಕ್ಕದ ಪುಸ್ತಕಕ್ಕೆ ಮರಳುತ್ತಿದ್ದನೇನೋ. ಈತ 1971ರಲ್ಲಿ ಮತ್ತೆ ಹೊರಟ. ನ್ಯೂಜಿಲೆಂಡಿನ ಡ್ಯುನೆಡಿನ್ನಿನಲ್ಲಿ 9-3ರ ಗೆಲುವು. ಕೊನೆಗೆ ಸರಣಿಯೂ ಲಯನ್ಸರದಾಯಿತು. ಆ ನಾಡಿನಲ್ಲಿ ಅವರು ಗೆದ್ದಿರುವ ಸರಣಿ ಅದೊಂದೇ.

1974ರಲ್ಲಿ ಆತನೇ ನಾಯಕ; ಹೊರಟದ್ದು ದಕ್ಷಿಣ ಆಫ್ರಿಕಕ್ಕೆ. ವರ್ಣಭೇದದ ಆ ರಾಜ್ಯದೊಡನೆ ಆಡಕೂಡದೆಂದು ಪ್ರದರ್ಶನಗಳು ನಡೆದವು; ಬ್ರಿಟಿಷ್ ಸರ್ಕಾರವೂ ವಿರೋಧಿಸಿತು. ವೇಲ್ಸಿನ ಜಾನ್ ಟೇಲರ್ ಹೋಗಲೊಪ್ಪಲಿಲ್ಲ. ಲಂಡನ್ನಿನ ಹೋಟೆಲಿನಲ್ಲಿ ಆಟಗಾರರನ್ನು ಕೂಡಿಸಿ, ಸಂದೇಹವಿದ್ದವರು ಈಗಲೇ ಹೊರಡಬಹುದೆಂದು ನಾಯಕ ತಿಳಿಸಿದ. ಯಾರೂ ಏಳಲಿಲ್ಲ. ಇಪ್ಪತ್ತೆರಡು ಪಂದ್ಯಗಳಲ್ಲಿ ಇಪ್ಪತ್ತೊಂದು ಗೆಲುವು, ಕಡೆಯದು 13-13ರ ಸಮ. ಎದುರಾಳಿಗಳ ಮುಷ್ಟಿಪ್ರಹಾರಕ್ಕೆ ಉತ್ತರವಾಗಿ ‘ತೊಂಬತ್ತೊಂಬತ್ತು’ ಎಂಬ ಸಂಕೇತವಿತ್ತು. ಆ ಕೂಗು ಕೇಳಿದೊಡನೆ ಹದಿನೈದು ಮಂದಿಯೂ ಒಟ್ಟಿಗೆ ಹೊಡೆದಾಟಕ್ಕಿಳಿಯುವುದು. ತೀರ್ಪುಗಾರ ಎಷ್ಟು ಮಂದಿಯನ್ನು ಹೊರಗಟ್ಟಿಯಾನು! ಯುಕ್ತಿಯನ್ನು ಕೇಳಿ ನಗು ಬರುತ್ತದೆ, ಮೆಚ್ಚುವುದು ಕಷ್ಟ.

ಕರಿಯ ಪ್ರೇಕ್ಷಕರು ತಮಗೆ ಬೇರೆಯಾಗಿ ಬೇಲಿ ಹಾಕಿದ್ದ ಮೂಲೆಗಳಲ್ಲಿ ನಿಂತು, ತಮ್ಮ ದೇಶದ ಬಿಳಿಯರ ತಂಡ ಸೋಲುವುದನ್ನು ಕಂಡು ಹರ್ಷೋದ್ಗಾರ ಮಾಡಿದರು. ಪ್ರವಾಸವನ್ನು ಸಮರ್ಥಿಸುವವರು ಇದನ್ನೇ ಮುಂದಿಡುವುದುಂಟು. ಆದರೂ ಪಂದ್ಯ ಮುಗಿದ ಮೇಲೆ ಬೇಲಿ ಅಲ್ಲಿಯೇ ಉಳಿಯಿತಲ್ಲ! ಅದೇ ವರ್ಷ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಸುತ್ತನ್ನು ತಲುಪಿದ ಭಾರತ ಅದೇ ದಕ್ಷಿಣ ಆಫ್ರಿಕದೊಡನೆ ಆಡಲು ನಿರಾಕರಿಸಿತು. ಆ ಕಪ್ ಇಂದಿಗೂ ನಮಗೆ ದಕ್ಕಿಲ್ಲ. ಮ್ಯಾಕ್‌ಬ್ರೈಡನ ಎದೆಗಾರಿಕೆಗೆ ತಲೆಬಾಗುವ ಈ ಲೇಖಕನಿಗೆ, ಆ ಒಂದು ವಿಷಯದಲ್ಲಿ ಮಾತ್ರ, ಆಡದೆ ಸೋತ ನಮ್ಮವರೇ ದೊಡ್ಡವರಾಗಿ ಕಾಣುತ್ತಾರೆ.

ಲಯನ್ಸ್ ಪರವಾಗಿ ಆತ ಆಡಿದ ಹದಿನೇಳು ಟೆಸ್ಟುಗಳ ದಾಖಲೆಯನ್ನು ಯಾರೂ ಮುರಿದಿಲ್ಲ. ಐರ್ಲೆಂಡಿನ ಪರವಾಗಿ ಅರವತ್ತಮೂರು ಪಂದ್ಯಗಳು. ಅಷ್ಟರಲ್ಲಿ ಆತ ತಾನೇ ಚೆಂಡನ್ನು ಗೆರೆ ದಾಟಿಸಿ ‘ಟ್ರೈ’ ಗಳಿಸಿದ್ದು ಒಂದೇ ಸಲ. ಅದು 1975ರಲ್ಲಿ, ಫ್ರಾನ್ಸಿನ ವಿರುದ್ಧ, ಡಬ್ಲಿನ್ನಿನಲ್ಲಿ ಆತನ ಕೊನೆಯ ಅಂತರರಾಷ್ಟ್ರೀಯ ಪಂದ್ಯದಲ್ಲಿ. ಹದಿಮೂರು ವರ್ಷ ಇತರರಿಗಾಗಿ ಚೆಂಡು ಗಳಿಸಿಕೊಟ್ಟವನು ಅಂದು ತಾನೇ ಅದನ್ನು ನೆಲಕ್ಕೆ ಮುಟ್ಟಿಸಿದಾಗ ಪ್ರೇಕ್ಷಕರು ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು.